ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದ ಸೊಲ್ಲಾಪುರದ ಸೇಠ್

ಕಲ್ಯಾಣದಲ್ಲಿ ಬೆಳಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೊರಡುವ ನಮಗೆಲ್ಲ ಆ ದಾರಿ ಬಾಯಿಪಾಠ. ಕರ್ಜತ್ ದಾಟಿದ ಮೇಲೆ ಘಾಟಿನ ಸುರಂಗಗಳು, ಮಧ್ಯಾಹ್ನ ಕಳೆದ ಮೇಲೆ ಸೊಲ್ಲಾಪುರ, ಅಲ್ಲಿಂದ ಮುಂದೆ ಸ್ಟೇಷನ್ ಬೋರ್ಡುಗಳ ಮೇಲೆ ಕನ್ನಡ, ಮಾರನೆಯ ಬೆಳಗ್ಗೆ ಬೆಂಗಳೂರು. ಈ ಒಂದೇ ರೈಲಿನ ದಾರಿಯ ಉದ್ದಕ್ಕೂ ಒಬ್ಬ ಮನುಷ್ಯನ ಬದುಕು ಹರಡಿಕೊಂಡಿದೆ. ಸೊಲ್ಲಾಪುರದಲ್ಲಿ ಅವರು ಹುಟ್ಟಿದರು. ಘಾಟಿನ ಸುರಂಗಗಳಲ್ಲಿ ಅವರ ಕೈವಾಡವಿದೆ. ಕಲ್ಯಾಣ–ಡೊಂಬಿವಲಿಯಲ್ಲಿ ಅವರ ಕಂಪನಿಯ ಕಾರ್ಖಾನೆ ಇತ್ತು. ರೈಲು ಕೊನೆಗೆ ತಲುಪುವ ಊರಿನಲ್ಲಿ ಅವರು ಶುರುಮಾಡಿದ ಕಾರ್ಖಾನೆ ಇವತ್ತಿಗೂ ವಿಮಾನ ಕಟ್ಟುತ್ತಿದೆ. ಅವರು ಸೇಠ್ ವಾಲ್‌ಚಂದ್ ಹೀರಾಚಂದ್.

ಡೊಂಬಿವಲಿಯ ಹಳಬರನ್ನು ಕೇಳಿ ನೋಡಿ, ವಾಲ್‌ಚಂದ್ ಎಂದರೆ ಪ್ರೀಮಿಯರ್ ಕಾರು ಎನ್ನುತ್ತಾರೆ. ಪುಣೆಯ ಕಡೆಯವರಿಗೆ ವಾಲ್‌ಚಂದ್‌ನಗರದ ಸಕ್ಕರೆ, ಸಾಂಗ್ಲಿಯವರಿಗೆ ಎಂಜಿನಿಯರಿಂಗ್ ಕಾಲೇಜು. ಬೆಂಗಳೂರಿನವರಿಗೆ ಎಚ್‌ಎಎಲ್ ಗೊತ್ತು. ಅದು ಸರ್ಕಾರದ ಕಾರ್ಖಾನೆ, ಮೈಸೂರು ಸಂಸ್ಥಾನದ ಕೊಡುಗೆ ಎಂಬುದೂ ಗೊತ್ತು. ಆದರೆ ಅದನ್ನು ಮೊದಲು ಕನಸು ಕಂಡು, ದುಡ್ಡು ಹಾಕಿ, ಕೊನೆಗೆ ಕಳೆದುಕೊಂಡವರ ಹೆಸರು ನಮ್ಮ ನಾಲಿಗೆಗೆ ಬರುವುದಿಲ್ಲ. ನನಗೂ ಅದು ಸಿಕ್ಕಿದ್ದು ಇತಿಹಾಸದ ಪುಸ್ತಕದಿಂದಲ್ಲ, ಹಳೆಯ ವಿಮಾನಗಳನ್ನು ಓದುವ ಹುಚ್ಚಿನಿಂದ.

ಎರಡನೇ ಮಹಾಯುದ್ಧಕ್ಕೆ ಮೊದಲು ಹಡಗಿನ ಮೇಲಿಂದ ಹಾರುತ್ತಿದ್ದ ಜೋಡಿ ರೆಕ್ಕೆಯ ಫೈಟರ್‌ಗಳ ಬಗ್ಗೆ ಪುಸ್ತಕ ಬರೆಯುವವರದು ಒಂದು ಬೇರೆಯೇ ಲೋಕ. ಒಂದೊಂದು ವಿಮಾನದ ಸರಣಿ ಸಂಖ್ಯೆ, ಅದು ಇದ್ದ ಹಡಗು, ಬಾಲಕ್ಕೆ ಬಳಿದ ಬಣ್ಣ, ಅಪಘಾತದ ವರದಿ, ಕಾರ್ಖಾನೆಯ ನಕ್ಷೆ ಇವನ್ನೆಲ್ಲ ವರ್ಷಗಟ್ಟಲೆ ಹುಡುಕಿ ಜೋಡಿಸುತ್ತಾರೆ. ಕೊಳ್ಳುವವರು ಕಡಿಮೆ, ಆದರೂ ಅಚ್ಚು ಹಾಕಿಸುತ್ತಾರೆ. ಹಡಗಿಗೆ ಜೋಡಿ ರೆಕ್ಕೆ ಏಕೆ ಬೇಕಿತ್ತು ಎಂಬುದು ಸರಳ. ಹಡಗಿನ ಅಟ್ಟ ಚಿಕ್ಕದು, ವಿಮಾನ ನಿಧಾನವಾಗಿ ಬಂದು ಇಳಿಯಬೇಕು. ಒಂದರ ಮೇಲೊಂದು ಎರಡು ರೆಕ್ಕೆ ಇದ್ದರೆ ಅಗಲ ಹೆಚ್ಚಿಸದೆಯೇ ಎತ್ತುವ ಬಲ ಸಿಗುತ್ತದೆ. ನಡುವೆ ಕಂಬ, ತಂತಿ ಬಿಗಿದರೆ ಹಗುರವಾಗಿಯೂ ಗಟ್ಟಿಯಾಗಿಯೂ ಇರುತ್ತದೆ.

ಅಂಥ ವಿಮಾನಗಳಲ್ಲೊಂದು ಅಮೆರಿಕದ ಕರ್ಟಿಸ್ ಕಂಪನಿಯ ಗೋಸ್‌ಹಾಕ್. 1930ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ನೌಕಾಪಡೆಗಾಗಿ ತಯಾರಾಗಿದ್ದು. ಮೊದಲ ಮಾದರಿ ಸಾರಟೋಗ ಎಂಬ ಹಡಗಿನಲ್ಲಿತ್ತು. ಅದರ ಸುಧಾರಿತ ಮಾದರಿಯಲ್ಲಿ ಚಕ್ರಗಳನ್ನು ಕೈಯಿಂದ ತಿರುವಿ ಒಳಗೆ ಮಡಚಬಹುದಿತ್ತು. 27 ವಿಮಾನಗಳು ತಯಾರಾಗಿ ರೇಂಜರ್ ಎಂಬ ಹಡಗಿಗೆ ಹೋದವು. ಆದರೆ ಒಂದು ವರ್ಷದ ಆಸುಪಾಸಿನಲ್ಲೇ ಅವನ್ನು ಸೇವೆಯಿಂದ ತೆಗೆಯಬೇಕಾಯಿತು. ಹಳೆಯ ಬಸ್ಸಿನ ಕಿಟಕಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಮಾತ್ರ ಗಡಗಡ ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಇಲ್ಲೂ ಹಾಗೆಯೇ. ರೆಕ್ಕೆಯ ಹೊಸ ಲೋಹದ ಚೌಕಟ್ಟಿನ ಸಹಜ ಕಂಪನವೂ, ವಿಮಾನ ಸಾಮಾನ್ಯ ವೇಗದಲ್ಲಿ ಹೋಗುವಾಗಿನ ಎಂಜಿನ್ ಕಂಪನವೂ ಒಂದಕ್ಕೊಂದು ತಾಳ ಕೂಡಿಸಿ ವಿಮಾನವೇ ನಡುಗತೊಡಗಿತು. ಹೊರದೇಶಕ್ಕೆ ಮಾರುವಾಗ ಕರ್ಟಿಸ್ ಮತ್ತೆ ಮರದ ಚೌಕಟ್ಟಿನ ರೆಕ್ಕೆಗೆ ಮರಳಿತು; ಹಾಕ್ 3 ಎಂದು ಹೆಸರಿಟ್ಟಿತು. ಅದನ್ನು ನೂರರ ಲೆಕ್ಕದಲ್ಲಿ ಕೊಂಡದ್ದು ಚೀನಾ.

ಚೀನಾದಲ್ಲಿ ಆ ವಿಮಾನಗಳ ಭಾಗಗಳನ್ನು ಜೋಡಿಸಲು ಹಾಂಗ್‌ಝೌ ಊರಿನ ಬಳಿ ಒಂದು ಕಾರ್ಖಾನೆ ಎದ್ದಿತು. ಅದರ ಹಿಂದಿದ್ದವರು ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿ, ಹುಟ್ಟಿದ್ದು 1896ರಲ್ಲಿ. 1937ರಲ್ಲಿ ಜಪಾನ್ ದಾಳಿ ಮಾಡಿದಾಗ ಹಾಂಗ್‌ಝೌ ಆಕಾಶದಲ್ಲಿ ಅದನ್ನು ಮೊದಲು ಎದುರಿಸಿದ್ದು ಇವೇ ಹಾಕ್ 3 ವಿಮಾನಗಳು. ಅದು ನಡೆದ ಆಗಸ್ಟ್ 14ನ್ನು ತೈವಾನ್ ಇವತ್ತಿಗೂ ವಾಯುಪಡೆ ದಿನವಾಗಿ ಆಚರಿಸುತ್ತದೆ. ಯುದ್ಧ ಒಳನಾಡಿಗೆ ನುಗ್ಗಿದಂತೆ ಪಾಲಿಯ ಕಾರ್ಖಾನೆಯೂ ಹಿಂದೆ ಹಿಂದೆ ಸರಿಯಿತು. ಮೊದಲು ಹಾಂಕೌ, ಕೊನೆಗೆ ಬರ್ಮಾ ಗಡಿಯ ಲೊಯ್‌ವಿಂಗ್. ವಿಮಾನದ ಪುಸ್ತಕಗಳಲ್ಲಿ ಹಾಕ್ 3ರ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ ಪಾಲಿಯ ಹೆಸರನ್ನು ಹಿಡಿದು ಮುಂದೆ ಹೋದರೆ ದಾರಿ ನೆಟ್ಟಗೆ ಬೆಂಗಳೂರಿಗೆ ಬರುತ್ತದೆ. ಆ ದಾರಿಯನ್ನು ಬೆಂಗಳೂರಿಗೆ ತಿರುಗಿಸಿದವರೇ ವಾಲ್‌ಚಂದ್.

ಅವರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿ ಮಾತನಾಡುವ ದಿಗಂಬರ ಜೈನ ಕುಟುಂಬ. ಮನೆತನದ ಕಸುಬು ಹತ್ತಿ ವ್ಯಾಪಾರ, ಲೇವಾದೇವಿ. ಕಾಲೇಜಿಗೆಂದು ಮುಂಬೈಗೂ ಪುಣೆಗೂ ಹೋದರು, ಓದು ಪೂರ್ತಿಯಾಗಲಿಲ್ಲ. ಅಂಗಡಿಯ ಗಾದಿಯ ಮೇಲೆ ಕೂತು ಬಡ್ಡಿ ಲೆಕ್ಕ ಬರೆಯುವುದೂ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬವರ ಜೊತೆ ಸೇರಿ ರೈಲ್ವೆ ಗುತ್ತಿಗೆಗೆ ಇಳಿದರು. ಶುರುವಾದದ್ದು ಬಾರ್ಸಿಯ ಪುಟ್ಟ ರೈಲು ಮಾರ್ಗದ ಒಂದು ತುಂಡಿನಿಂದ. ವ್ಯಾಪಾರಿ ಮನೆತನದ ಹುಡುಗ ಮಣ್ಣು ಕಲ್ಲಿನ ಕೆಲಸಕ್ಕೆ ಹೋಗುವುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಗುತ್ತಿಗೆ ಬೆಳೆಯಿತು. ಮುಂಬೈಗೆ ನೀರು ತರುವ ತಾನ್ಸಾ ಕೊಳವೆಯ ಕೆಲಸ, ಭೋರ್ ಘಾಟಿನ ರೈಲು ಸುರಂಗಗಳ ಕೆಲಸ ಅವರ ಪಾಲಿಗೆ ಬಂದವು. ತಾನ್ಸಾ ಕೆರೆ ಇರುವುದು ನಮ್ಮ ಠಾಣೆ ಜಿಲ್ಲೆಯಲ್ಲೇ. 1926ರಲ್ಲಿ ಅವರು ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಕಟ್ಟಿದರು. ಘಾಟಿನಲ್ಲಿ ರೈಲು ಕತ್ತಲೆಗೆ ನುಗ್ಗಿದಾಗ ಮಕ್ಕಳು ಕೂಗು ಹಾಕುತ್ತಾರಲ್ಲ, ಆ ಕತ್ತಲೆಯ ಒಂದಿಷ್ಟು ಭಾಗ ಕೊರೆಸಿದ್ದು ಸೊಲ್ಲಾಪುರದ ಈ ಸೇಠ್.

ಅಷ್ಟರೊಳಗೆ ಅವರು ಸಮುದ್ರಕ್ಕೂ ಇಳಿದಾಗಿತ್ತು. ಮೊದಲ ಮಹಾಯುದ್ಧ ಮುಗಿದಾಗ ಗ್ವಾಲಿಯರ್ ಮಹಾರಾಜರ ಆಸ್ಪತ್ರೆ ಹಡಗು ಮಾರಾಟಕ್ಕಿದೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ನರೋತ್ತಮ ಮೊರಾರ್ಜಿ ಮೊದಲಾದ ಗೆಳೆಯರನ್ನು ಕೂಡಿಸಿಕೊಂಡು ಅದನ್ನು ಕೊಂಡರು. ಹಡಗಿನ ಹೆಸರು ಲಾಯಲ್ಟಿ. ಕಂಪನಿಯ ಹೆಸರು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಾವೀಗ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುವುದು. ಭಾರತದ ಕರಾವಳಿಯ ಸಾಗಾಟವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ಬ್ರಿಟಿಷ್ ಕಂಪನಿಗಳು ಬಾಡಿಗೆ ಇಳಿಸಿ ಸಿಂಧಿಯಾವನ್ನು ಮುಳುಗಿಸಲು ನೋಡಿದವು, ಕೊಂಡುಕೊಳ್ಳಲೂ ನೋಡಿದವು. ಮಾಲೀಕರು ಮಾರಲಿಲ್ಲ. 1923ರಲ್ಲಿ 10 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕರಾವಳಿ ಬಿಟ್ಟು ಆಚೆ ಹೋಗುವಂತಿಲ್ಲ, ಇಷ್ಟಕ್ಕಿಂತ ಹೆಚ್ಚು ಹಡಗು ಇಟ್ಟುಕೊಳ್ಳುವಂತಿಲ್ಲ. ಲಾಯಲ್ಟಿ ಹಡಗು ಅದೇ ವರ್ಷ ಗುಜರಿಗೆ ಹೋಯಿತು. ಕಂಪನಿ ಮಾತ್ರ ಉಳಿಯಿತು. 1929ರಲ್ಲಿ ನರೋತ್ತಮ ಮೊರಾರ್ಜಿ ತೀರಿಕೊಂಡ ಮೇಲೆ ವಾಲ್‌ಚಂದ್ ಅದರ ಅಧ್ಯಕ್ಷರಾದರು.

ಈ ಒಪ್ಪಂದದ ಅನುಭವ ಅವರ ಮುಂದಿನ ಬದುಕನ್ನೆಲ್ಲ ತಿದ್ದಿತು ಎನಿಸುತ್ತದೆ. ಬೇರೆಯವರಿಂದ ಕೊಂಡ ಹಡಗು ಓಡಿಸಿದರೆ ಸಾಲದು, ಹಡಗು ಇಲ್ಲೇ ಕಟ್ಟಬೇಕು. ಹಾಗೆಯೇ ಕಾರು, ವಿಮಾನ. ಗಾಂಧೀಜಿಯ ಚಳವಳಿಗೆ ಬೆಂಬಲ ಕೊಡುತ್ತಿದ್ದ ವ್ಯಾಪಾರಿಗಳಲ್ಲಿ ಅವರೂ ಒಬ್ಬರು. ಸರ್ಕಾರಕ್ಕೆ ಇಂಥವರ ಮೇಲೆ ಒಂದು ಕಣ್ಣು ಇದ್ದೇ ಇರುತ್ತಿತ್ತು.

ಕಾರಿನ ಕಥೆಯಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಬರುತ್ತಾರೆ. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ದುಡ್ಡು ಹಾಕಿ ಕಟ್ಟಲು ಮುಂದಾದವರು ವಾಲ್‌ಚಂದ್. ಮೈಸೂರು ಸರ್ಕಾರ ಕೈಜೋಡಿಸಲು ಸಿದ್ಧವಿತ್ತು. ಭಾರತ ಸರ್ಕಾರದ ಬೆಂಬಲ ಸಿಗದೆ ಬೆಂಗಳೂರಿನ ಕಾರು ಕಾಗದದ ಮೇಲೇ ಉಳಿಯಿತು. ಹೀಗಾಗಿ ಮೈಸೂರಿಗೂ ವಾಲ್‌ಚಂದರಿಗೂ ಪರಿಚಯ ವಿಮಾನಕ್ಕೆ ಮೊದಲೇ ಇತ್ತು ಎಂಬುದನ್ನು ನೆನಪಿಡಬೇಕು.

ಆ ಕಾರಿನ ಕೆಲಸಕ್ಕೇ 1939ರಲ್ಲಿ ಅವರು ಅಮೆರಿಕಕ್ಕೆ ಹೋಗಿದ್ದರು. ಹಿಂತಿರುಗುವಾಗ ಪೆಸಿಫಿಕ್ ಸಾಗರ ದಾಟುವ ಕ್ಲಿಪ್ಪರ್ ವಿಮಾನದಲ್ಲಿ ಸಹಪ್ರಯಾಣಿಕರಾಗಿ ಸಿಕ್ಕವರು ವಿಲಿಯಂ ಪಾಲಿ. ಒಬ್ಬರಿಗೆ ಯುದ್ಧದ ನಡುವೆ ವಿಮಾನ ಕಾರ್ಖಾನೆ ನಡೆಸಿ ಗೊತ್ತು. ಇನ್ನೊಬ್ಬರಿಗೆ ಕಾರ್ಖಾನೆ ಕಟ್ಟುವ ಹಂಬಲ. ಯುರೋಪಿನಲ್ಲಿ ಆಗಷ್ಟೇ ಯುದ್ಧ ಶುರುವಾಗಿತ್ತು. ಹಡಗಿನ ಸುದ್ದಿಯನ್ನು ಕೇಳಿದ ಕೂಡಲೇ ಕೊಂಡ ಮನುಷ್ಯ ಈ ಮಾತನ್ನೂ ಬಿಡಲಿಲ್ಲ.

ಮೊದಮೊದಲು ಬ್ರಿಟಿಷ್ ಸರ್ಕಾರ ಆಸಕ್ತಿ ತೋರಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತ ಮೇಲೆ ಗಾಳಿ ತಿರುಗಿತು. ಜಾಗ ಹುಡುಕಬೇಕಿತ್ತು. ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ತಡಮಾಡದೆ ಒಪ್ಪಿದರು. ಬೆಂಗಳೂರಿನ ಹೊರಗೆ 700 ಎಕರೆ ನೆಲವನ್ನು ಪುಕ್ಕಟೆಯಾಗಿ ಕೊಟ್ಟರು. ಸಂಸ್ಥಾನದ 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿದರು. ಜಾಗದ ಆಯ್ಕೆ ಬರಿಯ ಉಪಕಾರದ ಮಾತಾಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಉಕ್ಕು, ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು, ಸಮುದ್ರದಿಂದಲೂ ಗಡಿಯಿಂದಲೂ ದೂರವಾದ ತಂಪಾದ ಊರು, ಇವೆಲ್ಲ ಒಂದೇ ಕಡೆ ಸಿಗುವ ಜಾಗ ಇನ್ನೊಂದಿರಲಿಲ್ಲ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಮೈಸೂರಿನ ಕಾಯ್ದೆಯಡಿ ನೋಂದಣಿಯಾಯಿತು. ದೊಮ್ಮಲೂರು ರಸ್ತೆಯ ಈವನ್‌ಟೈಡ್ ಎಂಬ ಬಂಗಲೆ ಅದರ ಮೊದಲ ಕಚೇರಿ. ಮರುವರ್ಷದ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ವಾಲ್‌ಚಂದ್, ಮೈಸೂರು, ದೆಹಲಿ, ಮೂವರದೂ ಸಮಪಾಲು.

ಪಾಲಿಯ ಅಮೆರಿಕನ್ ಎಂಜಿನಿಯರುಗಳು ಬಂದರು, ಯಂತ್ರಗಳು ಬಂದವು. 1941ರ ಆಗಸ್ಟ್ ಹೊತ್ತಿಗೆ, ಅಂದರೆ ನೋಂದಣಿಯಾಗಿ ಎಂಟೇ ತಿಂಗಳಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನ ಜೋಡಣೆಯಾಗಿ ಬೆಂಗಳೂರಿನ ಆಕಾಶಕ್ಕೆ ಏರಿತು. ಮುಂದೆ ಇಲ್ಲಿ ತಯಾರಾಗಬೇಕಿದ್ದ ಫೈಟರ್ ಕರ್ಟಿಸ್ ಹಾಕ್ 75. ರೇಂಜರ್ ಹಡಗಿನಲ್ಲಿ ನಡುಗಿದ ಆ ಜೋಡಿ ರೆಕ್ಕೆಯ ವಿಮಾನದ ಮುಂದಿನ ತಲೆಮಾರು, ಒಂಟಿ ರೆಕ್ಕೆಯದು. 1942ರ ಜುಲೈನಲ್ಲಿ ಅದೂ ಇಲ್ಲಿಂದ ಹಾರಿತು.

ಆದರೆ ಅಷ್ಟರಲ್ಲಿ ಕಾರ್ಖಾನೆ ವಾಲ್‌ಚಂದರದಾಗಿ ಉಳಿದಿರಲಿಲ್ಲ. 1941ರ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿಯಿತು. ಸಿಂಗಾಪುರ ಬಿತ್ತು, ರಂಗೂನ್ ಬಿತ್ತು. ಯುದ್ಧಕ್ಕೆ ಬೇಕಾದ ಕಾರ್ಖಾನೆಯನ್ನು ಖಾಸಗಿಯವರ ಕೈಯಲ್ಲಿ ಬಿಡಲು ಸರ್ಕಾರ ಸಿದ್ಧವಿರಲಿಲ್ಲ. 1942ರ ಏಪ್ರಿಲ್ 2ರಂದು ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡ ಪ್ರಕಟಣೆ ಬಂತು. ವಾಲ್‌ಚಂದರ ಪಾಲಿಗೆ ಹಣ ಕೊಟ್ಟು ಅವರನ್ನು ಹೊರಗೆ ಕಳಿಸಲಾಯಿತು. ಮೈಸೂರು ಪಾಲು ಉಳಿಸಿಕೊಂಡಿತು, ಆಡಳಿತ ಬಿಟ್ಟುಕೊಟ್ಟಿತು. ಹುಟ್ಟಿ 16 ತಿಂಗಳೂ ತುಂಬದ ಕೂಸು.

ಮುಂದಿನ ವರ್ಷ ಅಮೆರಿಕದ ಸೇನೆ ಅದನ್ನು ನಡೆಸಲು ಬಂತು. ವಿಮಾನ ಕಟ್ಟುವ ಯೋಜನೆ ಬದಿಗೆ ಸರಿದು ರಿಪೇರಿಯೇ ಮುಖ್ಯ ಕೆಲಸವಾಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಕಾರ್ಖಾನೆಗೆ ಬರುತ್ತಿದ್ದವು. ಈಗ ಅದೇ ಕೆರೆಯ ಸುತ್ತಲಿನ ಆಫೀಸುಗಳಲ್ಲಿ ನಮ್ಮ ಗೆಳೆಯರು ಕೂತು ಕೋಡ್ ಬರೆಯುತ್ತಾರೆ. ಯುದ್ಧ ಮುಗಿದಾಗ ಬೆಂಗಳೂರಿನಲ್ಲಿ ಉಳಿದದ್ದು ವಿಮಾನಗಳಲ್ಲ, ವಿಮಾನವನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ ಸಾವಿರಾರು ಕೈಗಳು. ಮುಂದೆ ಡಾ. ವಿ. ಎಂ. ಘಾಟಗೆಯವರು ಎಚ್‌ಟಿ 2 ತರಬೇತಿ ವಿಮಾನವನ್ನು ಇಲ್ಲೇ ರೂಪಿಸಿದಾಗ ಕೆಲಸಕ್ಕೆ ಬಂದವು ಆ ಕೈಗಳೇ.

ಕಾರ್ಖಾನೆ ಹೋದದ್ದರ ಬಗ್ಗೆ ವಾಲ್‌ಚಂದ್ ಮರುಗುತ್ತ ಕೂರಲಿಲ್ಲ. ವಿಶಾಖಪಟ್ಟಣದಲ್ಲಿ ಹಡಗುಕಟ್ಟೆಯ ಕೆಲಸ ಅದೇ ಹೊತ್ತಿಗೆ ನಡೆದಿತ್ತು. 1941ರ ಜೂನ್‌ನಲ್ಲಿ ಬಾಬು ರಾಜೇಂದ್ರಪ್ರಸಾದರು ಅದಕ್ಕೆ ಅಡಿಗಲ್ಲು ಇಟ್ಟಿದ್ದರು. ಯುದ್ಧಕಾಲದ ಅಡೆತಡೆಗಳನ್ನೆಲ್ಲ ದಾಟಿ, 1948ರ ಮಾರ್ಚ್ 14ರಂದು ಜಲಉಷಾ ಎಂಬ ಹಡಗನ್ನು ಪ್ರಧಾನಿ ನೆಹರೂ ನೀರಿಗಿಳಿಸಿದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಬೆಂಗಳೂರಿಗೆ ಬರಬೇಕಿದ್ದ ಕಾರು ಮುಂಬೈಯ ಕುರ್ಲಾಕ್ಕೆ ಬಂತು. ಅದೇ ಕಂಪನಿಯ ಪದ್ಮಿನಿ ಕಪ್ಪು–ಹಳದಿ ಟ್ಯಾಕ್ಸಿಯಾಗಿ ಮುಂಬೈಯನ್ನು ಆಳಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಕಂಪನಿಯ ಇನ್ನೊಂದು ಕಾರ್ಖಾನೆ ನಮ್ಮ ಕಲ್ಯಾಣ–ಡೊಂಬಿವಲಿಯಲ್ಲಿತ್ತು. 1990ರ ದಶಕದಲ್ಲಿ ಪ್ಯೂಜೋ 309 ಕಾರು ತಯಾರಾಗಿದ್ದು ಅಲ್ಲೇ.

1949ರಲ್ಲಿ ವಾಲ್‌ಚಂದರಿಗೆ ಪಾರ್ಶ್ವವಾಯು ಬಡಿಯಿತು. ಮರುವರ್ಷ ವ್ಯವಹಾರದಿಂದ ಹಿಂದೆ ಸರಿದರು. ಹಡಗುಕಟ್ಟೆ 1952ರಲ್ಲಿ ಸರ್ಕಾರದ ಕೈ ಸೇರಿತು. ಈ ಸಲ ಸ್ವಂತ ದೇಶದ ಸರ್ಕಾರ. ಪತ್ನಿ ಕಸ್ತೂರಬಾಯಿಯವರ ಆರೈಕೆಯಲ್ಲಿದ್ದ ಅವರು 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಲಾಯಲ್ಟಿ ಹೊರಟ ದಿನಕ್ಕೆ 34 ವರ್ಷ ತುಂಬಿ ಮೂರು ದಿನವಾಗಿತ್ತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1964ರಲ್ಲಿ ಇನ್ನೊಂದು ಸರ್ಕಾರಿ ಕಂಪನಿಯೊಂದಿಗೆ ಸೇರಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು.

ಮರಾಠಿಯ ಲೇಖಕ ಗಂ. ದೇ. ಖಾನೋಲಕರ್ ವಾಲ್‌ಚಂದರ ಚರಿತ್ರೆ ಬರೆದರು. ಅದು ಇಂಗ್ಲಿಷಿನಲ್ಲೂ ಬಂದಿದೆ. ಅದು ಉದ್ಯಮಿಗಳ ಕಪಾಟಿನಲ್ಲಿ ಕೂರುವ ಪುಸ್ತಕ. ಗೋಸ್‌ಹಾಕ್‌ನ ಪುಸ್ತಕ ವಿಮಾನಪ್ರಿಯರ ಕಪಾಟಿನಲ್ಲಿ ಕೂರುತ್ತದೆ. ಎರಡು ಕಪಾಟುಗಳ ನಡುವೆ ಬೆಂಗಳೂರು ಬಿದ್ದುಹೋಗುತ್ತದೆ. ಒಂದರಲ್ಲಿ ವಿಮಾನದ ಪ್ರತಿ ತಿರುಪಿನ ಲೆಕ್ಕವಿದೆ, ಅದನ್ನು ಜೋಡಿಸಿದ ಬೆಂಗಳೂರಿನ ಫಿಟ್ಟರ್‌ನ ಹೆಸರಿಲ್ಲ. ಇನ್ನೊಂದರಲ್ಲಿ ಸೇಠರ ಕಷ್ಟಸುಖವಿದೆ, ರೆಕ್ಕೆ ಏಕೆ ನಡುಗಿತು ಎಂಬುದಿಲ್ಲ.

27 ವಿಮಾನಗಳಿಗಾಗಿ, ಅದೂ ವರ್ಷದೊಳಗೆ ಮೂಲೆ ಸೇರಿದ ವಿಮಾನಗಳಿಗಾಗಿ, ಅಮೆರಿಕದಲ್ಲಿ ಯಾರೋ ಕೂತು ಪುಸ್ತಕ ಬರೆಯುತ್ತಾರೆ. ನಮ್ಮಲ್ಲಿ ಒಂದು ಊರಿನ ಹಣೆಬರಹವನ್ನೇ ಬದಲಿಸಿದ ಆ 16 ತಿಂಗಳಿಗೆ ಅಂಥ ಶ್ರದ್ಧೆ ಸಿಗಬೇಡವೇ? ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯದಲ್ಲಿ ವಿಮಾನಗಳು ನಿಂತಿವೆ. ಆದರೆ ಆ ಕಾಲದ ಗೇಟ್ ಪಾಸು, ಸಂಬಳದ ಚೀಟಿ, ಅಮೆರಿಕನ್ ಮೇಸ್ತ್ರಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೊ ಇವೆಲ್ಲ ಇರುವುದು ಹಲಸೂರು, ಮುರುಗೇಶಪಾಳ್ಯ, ವಿಮಾನಪುರದ ಮನೆಗಳ ಹಳೆಯ ಟ್ರಂಕುಗಳಲ್ಲಿ. ಆ ಮನೆಗಳ ಮಕ್ಕಳು ಮೊಮ್ಮಕ್ಕಳು ಎಷ್ಟೋ ಜನ ಈಗ ನಮ್ಮ ಹಾಗೆ ಠಾಣೆಯಲ್ಲೋ ಐರೋಲಿಯಲ್ಲೋ ಕೆಲಸದಲ್ಲಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಟ್ರಂಕು ತೆಗೆಯಿರಿ. ಅಜ್ಜಿ ಇದ್ದರೆ ಕೂತು ಕೇಳಿ, ತಾರೀಖು ಬರೆದುಕೊಳ್ಳಿ, ಫೋಟೊದ ಹಿಂದೆ ಯಾರು ಯಾರೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಪುಸ್ತಕ ಬರೆಯುವವರು ಆಮೇಲೆ ಬರುತ್ತಾರೆ.

ಹೋಗುವ ದಾರಿಯಲ್ಲಿ ಸೊಲ್ಲಾಪುರ ಬಂದಾಗ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ಶೇಂಗಾ ಚಟ್ನಿಯ ಪೊಟ್ಟಣ ಕೊಳ್ಳಲು ಇಳಿಯುವವರು ಆ ಸೇಠರನ್ನೂ ಒಮ್ಮೆ ನೆನೆದರೆ ಚೆನ್ನ.